ಬದಲಿಸಿದ ಭುಜದ ಕೀಲಿಗೆ ಸೋಂಕು: ಅನುಮಾನ ಬಂದ ದಿನದಿಂದ ಚಿಕಿತ್ಸೆ ಮುಗಿಯುವವರೆಗೆ

ಭುಜದ ಕೀಲು ಬದಲಿಸಿಕೊಂಡವರು ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದಿರಬೇಕು. ಆ ಭುಜಕ್ಕೆ ಸೋಂಕು ತಗುಲಿದೆ ಅನ್ನುವ ಅನುಮಾನ ಬಂದರೆ, ಕೀಲಿನಿಂದ ಸ್ಯಾಂಪಲ್ ತೆಗೆಯುವ ಮುಂಚೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಉಳಿದಿದ್ದ ಮಾತ್ರೆ ಬೇಡ. ಯಾರೋ ಗೊತ್ತಿರುವವರು ಹೇಳಿದ ಐದು ದಿನದ ಕೋರ್ಸ್ ಕೂಡ ಬೇಡ.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಮಾತ್ರೆ ನುಂಗಿದರೆ ನೋವು, ಕೆಂಪು ಸ್ವಲ್ಪ ಇಳಿಯಬಹುದು. ಆದರೆ ಹೊಸ ಕೀಲಿನ ಲೋಹದ ಮೇಲೆ ಕೂತ ರೋಗಾಣು ಸಾಯುವುದಿಲ್ಲ, ಸುಮ್ನೆ ಅಡಗಿಕೊಳ್ಳುತ್ತದೆ. ಆಮೇಲೆ ಕೀಲಿನ ನೀರು ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರೆ "ಏನೂ ಬೆಳೆದಿಲ್ಲ" ಅಂತ ವರದಿ ಬರಬಹುದು. ಯಾವ ರೋಗಾಣು ಅಂತ ಗೊತ್ತಾಗದೆ ಹೋದರೆ ಮುಂದಿನ ಚಿಕಿತ್ಸೆಯೆಲ್ಲ ಊಹೆಯ ಮೇಲೆ ನಡೆಯಬೇಕಾಗುತ್ತದೆ. ಎಷ್ಟೋ ಜನರ ಚಿಕಿತ್ಸೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಇದೇ ಜಾಗದಲ್ಲಿ.

ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಚಳಿ ನಡುಕದ ಜೊತೆ ಜೋರು ಜ್ವರ, ಉಸಿರು ವೇಗವಾಗುವುದು, ಬಿಪಿ ಇಳಿಯುವುದು, ಮಾತು ತೊದಲುವುದು ಅಥವಾ ಗೊಂದಲ, ಮೂತ್ರ ತೀರಾ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಸೋಂಕು ರಕ್ತಕ್ಕೆ ಇಳಿದಿರಬಹುದು. ಆಗ ಕಾಯುವ ಮಾತೇ ಇಲ್ಲ. ತಕ್ಷಣ ಎಮರ್ಜೆನ್ಸಿ ವಿಭಾಗಕ್ಕೆ ಹೋಗಿ. ಅಲ್ಲಿ ರಕ್ತದ ಕಲ್ಚರ್‌ಗೆ ಸ್ಯಾಂಪಲ್ ತೆಗೆದು, ತಡಮಾಡದೆ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ಅದು ಸರಿಯಾದ ಕ್ರಮವೇ.

ಮೊದಲ ಹೆಜ್ಜೆ: ಲಕ್ಷಣ ಗುರುತಿಸುವುದು

ಭುಜದ ಸೋಂಕಿನಲ್ಲಿ ಎರಡು ಬಗೆ. ಒಂದು ಸದ್ದು ಮಾಡಿಕೊಂಡು ಬರುತ್ತದೆ, ಇನ್ನೊಂದು ಸದ್ದಿಲ್ಲದೆ.

ಮೊದಲನೆಯದನ್ನು ಯಾರಾದರೂ ಗುರುತಿಸಬಹುದು. ಆಪರೇಷನ್ ಆದ ಕೆಲವೇ ವಾರಗಳಲ್ಲಿ ಗಾಯದ ಸುತ್ತ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ ಅನ್ನಿಸುತ್ತದೆ. ಜ್ವರ ಬರಬಹುದು. ಇದಕ್ಕೆ ಹೆಚ್ಚಾಗಿ ಸ್ಟೆಫೈಲೋಕಾಕಸ್ ಆರಿಯಸ್‌ನಂಥ ಜೋರಿನ ರೋಗಾಣು ಕಾರಣ.

ಇಲ್ಲಿ ಡ್ರೆಸ್ಸಿಂಗ್ ಮೇಲೆ ಒಂದು ಕಣ್ಣಿಡಿ. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ರಕ್ತದ ಚುಕ್ಕೆ, ತಿಳಿ ಗುಲಾಬಿ ಬಣ್ಣದ ಒದ್ದೆ ಕಾಣುವುದು ಸಹಜ. ದಿನದಿಂದ ದಿನಕ್ಕೆ ಆ ಒದ್ದೆಯ ಕಲೆ ಚಿಕ್ಕದಾಗಬೇಕು. ಮೂರು ದಿನ ಕಳೆದ ಮೇಲೂ ಸೋರುತ್ತಲೇ ಇದ್ದರೆ, ಒಣಗಿದ್ದ ಗಾಯ ಮತ್ತೆ ಒದ್ದೆಯಾದರೆ, ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ವಾಸನೆ ಬಂದರೆ ಅವತ್ತೇ ಸರ್ಜನ್‌ಗೆ ತಿಳಿಸಿ. ಹಳೆ ಡ್ರೆಸ್ಸಿಂಗ್ ಬಿಸಾಡುವ ಮುಂಚೆ ಒಳ್ಳೆ ಬೆಳಕಿನಲ್ಲಿ ಅದರ ಫೋಟೊ ತೆಗೆದಿಡಿ. ಗಾಯದ್ದೂ ಒಂದು ತೆಗೆಯಿರಿ. ಬಾಯಲ್ಲಿ ಎಷ್ಟೇ ವಿವರಿಸಿದರೂ ಡಾಕ್ಟರಿಗೆ ಫೋಟೊದಿಂದ ತಿಳಿಯುವಷ್ಟು ತಿಳಿಯುವುದಿಲ್ಲ.

ಎರಡನೆಯ ಬಗೆಯೇ ನಿಜವಾದ ತಲೆನೋವು. ಆಪರೇಷನ್ ಆಗಿ ಆರು ತಿಂಗಳೋ ಎರಡು ವರ್ಷವೋ ಕಳೆದಿರುತ್ತದೆ. ಗಾಯ ಚೆನ್ನಾಗಿ ಮಾಗಿರುತ್ತದೆ. ಜ್ವರ ಇಲ್ಲ, ಕೆಂಪಿಲ್ಲ, ಕೀವಿಲ್ಲ. ಇರುವುದು ಒಂದು ಮೊಂಡು ನೋವು ಮಾತ್ರ. ಅಥವಾ ಮೊದಲು ತಲೆ ಮಟ್ಟಕ್ಕೆ ಏರುತ್ತಿದ್ದ ಕೈ ಈಗ ಎದೆ ಮಟ್ಟಕ್ಕೇ ನಿಲ್ಲುತ್ತದೆ. "ಫಿಸಿಯೋಥೆರಪಿ ಸಾಲದು", "ವಯಸ್ಸಾಯಿತಲ್ವಾ" ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಒಳಗೆ ಕುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ರೋಗಾಣು ನಿಧಾನವಾಗಿ ಕೆಲಸ ಮಾಡುತ್ತಿರಬಹುದು. ಮೊದಲು ಇದನ್ನು ಪ್ರೊಪಿಯೋನಿಬ್ಯಾಕ್ಟೀರಿಯಂ ಆಕ್ನೆಸ್ ಅಂತ ಕರೆಯುತ್ತಿದ್ದರು. ಹಳೆಯ ವರದಿಗಳಲ್ಲಿ ಆ ಹೆಸರು ಕಂಡರೆ ಬೇರೆ ಯಾವುದೋ ಅಂದುಕೊಳ್ಳಬೇಡಿ.

ಮುಖದ ಮೊಡವೆಗೂ ಇದೇ ರೋಗಾಣುವಿಗೂ ನಂಟಿದೆ. ಇದು ಎಲ್ಲರ ಚರ್ಮದಲ್ಲೂ ಇರುತ್ತದೆ. ಕೂದಲ ಬುಡದಲ್ಲಿ, ಎಣ್ಣೆ ಸೂಸುವ ಗ್ರಂಥಿಗಳ ಆಳದಲ್ಲಿ ಮನೆ ಮಾಡಿಕೊಂಡಿರುತ್ತದೆ. ಭುಜ, ಮೇಲ್ಬೆನ್ನು, ಕಂಕುಳಿನಲ್ಲಿ ಜಾಸ್ತಿ, ಅದರಲ್ಲೂ ಗಂಡಸರಲ್ಲಿ ಇನ್ನೂ ಜಾಸ್ತಿ. ಆಪರೇಷನ್‌ಗೆ ಮುಂಚೆ ಚರ್ಮದ ಮೇಲೆ ಹಚ್ಚುವ ಔಷಧಿ ಅಷ್ಟು ಆಳಕ್ಕೆ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ಸೊಂಟ, ಮಂಡಿಗಿಂತ ಭುಜದಲ್ಲಿ ಈ ರೋಗಾಣುವಿನ ಕಾಟ ಹೆಚ್ಚು. ಸೋಂಕು ಬಂತು ಅಂದರೆ ನೀವು ಶುಚಿಯಾಗಿಲ್ಲ ಅಂತಲ್ಲ. ಈ ವಿಷಯಕ್ಕೆ ಮನಸ್ಸಲ್ಲೇ ಕೊರಗುವವರನ್ನು ನೋಡಿದಾಗ ಬೇಜಾರಾಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಕೀಲು ಬದಲಿಸಿದ ಭುಜದಲ್ಲಿ ಯಾವತ್ತೂ ನೋವು ಪೂರ್ತಿ ಹೋಗಲೇ ಇಲ್ಲ, ಅಥವಾ ಚೆನ್ನಾಗಿದ್ದ ಭುಜ ಕಾರಣವಿಲ್ಲದೆ ನೋಯಲು ಶುರುವಾಗಿದೆ, ಬಿಗಿಯಾಗುತ್ತಿದೆ ಅಂದರೆ ಸೋಂಕು ಇಲ್ಲ ಅಂತ ಖಾತ್ರಿಯಾಗುವ ತನಕ ಬಿಡಬೇಡಿ. ಇನ್ನೊಂದು ಮಾತು: ಆ ನೋವಿಗೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ, ಒಳಗೆ ಇಂಪ್ಲಾಂಟ್ (ಹಾಕಿದ ಕೃತಕ ಕೀಲು) ಇದೆ ಅಂತ ನೆನಪಿಸಿ, ಮೊದಲು ನಿಮ್ಮ ಸರ್ಜನ್‌ ಹತ್ತಿರ ಕೇಳಿ. ಅಡಗಿದ ಸೋಂಕಿದ್ದರೆ ಆ ಇಂಜೆಕ್ಷನ್‌ನಿಂದ ಅದು ಇನ್ನಷ್ಟು ಹರಡಬಹುದು.

ಎರಡನೇ ಹೆಜ್ಜೆ: ಕಾಗದಪತ್ರ ಜೋಡಿಸಿಕೊಂಡು ಸರಿಯಾದ ಡಾಕ್ಟರ ಹತ್ತಿರ ಹೋಗುವುದು

ಮೊದಲು ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಹೋಗಿ. ಅದು ಆಗದಿದ್ದರೆ, ಕೀಲು ಬದಲಿಸಿದ ಭುಜಕ್ಕೆ ಮತ್ತೆ ಆಪರೇಷನ್ ಮಾಡಿ ರೂಢಿಯಿರುವ ಸರ್ಜನ್ ಹುಡುಕಿ. ಈ ಚಿಕಿತ್ಸೆ ಒಬ್ಬರಿಂದ ಆಗುವಂಥದ್ದಲ್ಲ. ಸರ್ಜನ್ ಜೊತೆ ಸೋಂಕುರೋಗದ ತಜ್ಞರು, ಮೈಕ್ರೋಬಯಾಲಜಿ ಲ್ಯಾಬ್ ಕೈ ಸೇರಿಸಬೇಕು. ಮೂರೂ ಒಂದೇ ಕಡೆ ಇರುವ ಆಸ್ಪತ್ರೆ ಸಿಕ್ಕರೆ ಅರ್ಧ ಕೆಲಸ ಹಗುರ.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟ್‌ನ ಸ್ಟಿಕರ್ ಅಂಟಿಸಿದ ಹಾಳೆ, ಹಳೆಯ ಎಲ್ಲಾ ಎಕ್ಸ್‌ರೇ ತೆಗೆದುಕೊಂಡು ಹೋಗಿ. ಆ ಸ್ಟಿಕರ್ ತುಂಬ ಮುಖ್ಯ. ಕಂಪನಿ, ಅಳತೆ, ಮಾದರಿ ಅದರಲ್ಲೇ ಇರುತ್ತದೆ. ಮತ್ತೆ ಆಪರೇಷನ್ ಮಾಡಬೇಕಾದರೆ ಹೊಂದುವ ಭಾಗ, ಹಳೆಯದನ್ನು ಬಿಡಿಸುವ ಸಲಕರಣೆ ತರಿಸಲು ಅದು ಬೇಕು. ಈಚೆಗೆ ತೆಗೆದುಕೊಂಡ ಎಲ್ಲಾ ಆ್ಯಂಟಿಬಯಾಟಿಕ್‌ಗಳ ಹೆಸರು, ಕೊನೆಯ ಮಾತ್ರೆ ನುಂಗಿದ ತಾರೀಖು ಕೂಡ ಬರೆದುಕೊಳ್ಳಿ. ಹಲ್ಲುನೋವಿಗೋ ಗಂಟಲುನೋವಿಗೋ ತೆಗೆದುಕೊಂಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಮೂರನೇ ಹೆಜ್ಜೆ: ಪರೀಕ್ಷೆಗಳು, ಮತ್ತು ಅವು ಎಲ್ಲಿ ಕೈಕೊಡುತ್ತವೆ

ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಅನ್ನುವ, ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವ ಅಳತೆಗಳನ್ನು ನೋಡುತ್ತಾರೆ. ಜಾಸ್ತಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ನಾರ್ಮಲ್ ಬಂತು ಅಂತ ನಿಶ್ಚಿಂತೆಯಾಗಬೇಡಿ. ಕುಟಿಬ್ಯಾಕ್ಟೀರಿಯಂ ಸೋಂಕಿನಲ್ಲಿ ಈ ಎರಡೂ ನಾರ್ಮಲ್ ಇರುವುದು ತುಂಬಾ ಸಾಮಾನ್ಯ. "ಬ್ಲಡ್ ರಿಪೋರ್ಟ್ ಚೆನ್ನಾಗಿದೆ, ಸೋಂಕಿಲ್ಲ" ಅನ್ನುವ ಮಾತು ಮಂಡಿಯ ವಿಷಯದಲ್ಲಿ ಎಷ್ಟು ತೂಗುತ್ತದೋ ಭುಜದ ವಿಷಯದಲ್ಲಿ ಅಷ್ಟು ತೂಗುವುದಿಲ್ಲ.

ಎಕ್ಸ್‌ರೇಯಲ್ಲಿ ಇಂಪ್ಲಾಂಟ್ ಸುತ್ತ ಮೂಳೆ ಸವೆದು ಕಪ್ಪು ಗೆರೆ ಕಂಡರೆ ಇಂಪ್ಲಾಂಟ್ ಸಡಿಲವಾಗಿರಬಹುದು. ಸೋಂಕಿನಿಂದಲೂ ಆಗಿರಬಹುದು, ಬೇರೆ ಕಾರಣಕ್ಕೂ ಆಗಿರಬಹುದು. ಹಳೆಯ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಆ ಗೆರೆ ಹೊಸದೋ ಹಳೆಯದೋ ಗೊತ್ತಾಗುತ್ತದೆ.

ಮುಂದಿನದು ಕೀಲಿನೊಳಗೆ ಸೂಜಿ ಹಾಕಿ ನೀರು ತೆಗೆಯುವುದು. ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ನೋಡಿಕೊಂಡು ಮಾಡುತ್ತಾರೆ. ಜಾಗ ಮರಗಟ್ಟಿಸುವುದರಿಂದ ನೋವು ತಡೆಯುವಂತೆ ಇರುತ್ತದೆ. ತೆಗೆದ ನೀರಿನಲ್ಲಿ ಬಿಳಿ ರಕ್ತಕಣ ಎಷ್ಟಿವೆ ಅಂತ ಎಣಿಸುತ್ತಾರೆ, ಉಳಿದದ್ದು ಕಲ್ಚರ್‌ಗೆ ಹೋಗುತ್ತದೆ. ಭುಜದಲ್ಲಿ ಎಷ್ಟೋ ಸಲ ಸೂಜಿಗೆ ನೀರೇ ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಸೋಂಕಿಲ್ಲ ಅಂತ ಅರ್ಥ ಅಲ್ಲ. ಅನುಮಾನ ಬಲವಾಗಿದ್ದರೆ ಸಣ್ಣ ತೂತಿನ ಮೂಲಕ ಕ್ಯಾಮೆರಾ ಇಳಿಸಿ ಒಳಗಿನ ಪೊರೆಯ ಚೂರುಗಳನ್ನೇ ತೆಗೆದು ಪರೀಕ್ಷಿಸಬಹುದು.

ಸೋರುವ ಗಾಯದ ಮೇಲೆ ಹತ್ತಿ ಕಡ್ಡಿ ಸವರಿ ಕಲ್ಚರ್‌ಗೆ ಕಳಿಸುವ ರೂಢಿ ಇದೆ. ಅದರ ಫಲಿತಾಂಶ ನಂಬಿ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ. ಅಲ್ಲಿ ಸಿಗುವುದು ಹೆಚ್ಚಾಗಿ ಚರ್ಮದ ಮೇಲಿನ ರೋಗಾಣು, ಕೀಲಿನೊಳಗಿನದಲ್ಲ.

ಈಗ ಕಲ್ಚರ್ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ನೀವು ಕೇಳುವ ಒಂದು ಪ್ರಶ್ನೆಯಿಂದ ನಿಮ್ಮ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಕುಟಿಬ್ಯಾಕ್ಟೀರಿಯಂ ತುಂಬಾ ನಿಧಾನವಾಗಿ ಬೆಳೆಯುತ್ತದೆ. ಆಮ್ಲಜನಕ ಅಂದರೆ ಅದಕ್ಕೆ ಆಗದು. ಮಾಮೂಲಿ ಕಲ್ಚರ್ ಐದು ದಿನ ಇಟ್ಟು ಮುಗಿಸಿಬಿಡುತ್ತಾರೆ. ಅಷ್ಟರಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಭುಜದ ಸ್ಯಾಂಪಲ್ ಅನ್ನು ಆಮ್ಲಜನಕ ಇರುವ, ಇಲ್ಲದ ಎರಡೂ ಬಗೆಯ ಮಾಧ್ಯಮದಲ್ಲಿ 14 ದಿನದ ತನಕ ಇಡಬೇಕು. ಹಾಗಾಗಿ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ: "ಲ್ಯಾಬಿಗೆ 14 ದಿನ ಇಡೋಕೆ ಬರೆದಿದ್ದೀರಾ?" ಸಂಕೋಚ ಬೇಡ. ಇದು ನಿಮ್ಮ ಹಕ್ಕಿನ ಪ್ರಶ್ನೆ. ಒಳ್ಳೆಯ ಡಾಕ್ಟರ್ ಇದನ್ನು ಕೇಳಿ ಸಿಟ್ಟಾಗುವುದಿಲ್ಲ.

ನೀವು ಈಗಾಗಲೇ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ, ಮೈಗೆ ಅಪಾಯ ಇಲ್ಲದಿದ್ದಾಗ, ಸಾಮಾನ್ಯವಾಗಿ ಎರಡು ವಾರ ಅದನ್ನು ನಿಲ್ಲಿಸಿ ಆಮೇಲೆ ಸ್ಯಾಂಪಲ್ ತೆಗೆಯುತ್ತಾರೆ. ಈ ಎರಡು ವಾರ ನೋವು ತುಸು ಹೆಚ್ಚಾಗಬಹುದು. ತಡೆದುಕೊಂಡರೆ ಫಲ ಇದೆ. ನಿಲ್ಲಿಸುವುದನ್ನು ಮಾತ್ರ ಡಾಕ್ಟರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಪಕ್ಕಾ ಸೋಂಕು ಅಂತ ಯಾವಾಗ ಹೇಳುತ್ತಾರೆ? ಕೀಲಿನಿಂದ ಚರ್ಮಕ್ಕೆ ದಾರಿ ಕೊರೆದುಕೊಂಡು ಸೋರುತ್ತಿದ್ದರೆ, ಕೀಲಿನೊಳಗೆ ಕೀವು ಕಂಡರೆ, ಅಥವಾ ಬೇರೆ ಬೇರೆ ಎರಡು ಸ್ಯಾಂಪಲ್‌ಗಳಲ್ಲಿ ಒಂದೇ ಜೋರಿನ ರೋಗಾಣು ಬೆಳೆದರೆ ಅನುಮಾನವೇ ಇಲ್ಲ. 2018ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಂತರರಾಷ್ಟ್ರೀಯ ತಜ್ಞರ ಸಭೆ ಭುಜಕ್ಕೆಂದೇ ಬೇರೆ ಮಾನದಂಡ ಹಾಕಿಕೊಟ್ಟಿತು. ಉಳಿದ ಲಕ್ಷಣಗಳಿಗೆ ಅವುಗಳ ತೂಕಕ್ಕೆ ತಕ್ಕಂತೆ ಅಂಕ ಕೊಟ್ಟು, ಕೂಡಿಸಿ, "ಬಹುಶಃ ಇದೆ", "ಇರಬಹುದು", "ಇರಲಾರದು" ಅಂತ ವಿಂಗಡಿಸುತ್ತಾರೆ. ನಿಮ್ಮ ಡಾಕ್ಟರ್ "ಇರಬಹುದು" ಅಂದರೆ ಅವರು ಜಾರಿಕೊಳ್ಳುತ್ತಿಲ್ಲ. ಈ ರೋಗವೇ ಹಾಗೆ, ಎಷ್ಟೋ ಸಲ ಅಷ್ಟೇ ಹೇಳಲು ಸಾಧ್ಯ.

ನಾಲ್ಕನೇ ಹೆಜ್ಜೆ: ಯಾವ ಆಪರೇಷನ್ ಅಂತ ಅರ್ಥ ಮಾಡಿಕೊಳ್ಳುವುದು

"ಮತ್ತೆ ಆಪರೇಷನ್ ಯಾಕೆ, ಮಾತ್ರೆಯಲ್ಲೇ ವಾಸಿ ಆಗಲ್ವಾ?" ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ರೋಗಾಣುವಿನ ಗುಣದಲ್ಲಿದೆ. ಲೋಹ, ಪ್ಲಾಸ್ಟಿಕ್ ಮೇಲೆ ಅದು ಕೂತ ಮೇಲೆ ತನ್ನ ಸುತ್ತ ಅಂಟಿನಂಥ ಪೊರೆ ಕಟ್ಟಿಕೊಳ್ಳುತ್ತದೆ. ಬಯೋಫಿಲ್ಮ್ ಅನ್ನುತ್ತಾರೆ. ಬಾವಿಯ ಮೆಟ್ಟಿಲಿಗೆ ಹಿಡಿದ ಪಾಚಿಯ ಹಾಗೆ, ನೀರು ಸುರಿದರೆ ಹೋಗುವುದಿಲ್ಲ, ಉಜ್ಜಿ ಕೀಳಬೇಕು. ಆ ಪೊರೆಯೊಳಗಿನ ರೋಗಾಣು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಬೆಳೆಯುವ ರೋಗಾಣುವನ್ನು ಕೊಲ್ಲುವ ಔಷಧಿಗೆ ಅದು ಬಗ್ಗುವುದಿಲ್ಲ. ಅದಕ್ಕೇ ಮೊದಲು ಕೈಯಿಂದ ತೆಗೆಯಬೇಕು, ಆಮೇಲೆ ಔಷಧಿಯಿಂದ ಉಳಿದದ್ದನ್ನು ಕೊಲ್ಲಬೇಕು.

ಸೋಂಕು ಹೊಸದಾಗಿದ್ದರೆ ಇಂಪ್ಲಾಂಟ್ ಉಳಿಸಿಕೊಂಡೇ ಒಳಗೆ ಶುಚಿ ಮಾಡಬಹುದು. ಆಪರೇಷನ್ ಆದ ಮೊದಲ ನಾಲ್ಕರಿಂದ ಆರು ವಾರದೊಳಗೆ ಬಂದ ಸೋಂಕು, ಅಥವಾ ಚೆನ್ನಾಗಿದ್ದ ಕೀಲಿಗೆ ರಕ್ತದ ಮೂಲಕ ಇದ್ದಕ್ಕಿದ್ದಂತೆ ಬಂದು ಲಕ್ಷಣ ಶುರುವಾಗಿ ಸುಮಾರು ಮೂರು ವಾರ ದಾಟದೆ ಇರುವ ಸೋಂಕು ಇದಕ್ಕೆ ಸರಿ. ಕೆಟ್ಟ ಮಾಂಸ ಕತ್ತರಿಸಿ ತೆಗೆದು, ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಬಿಚ್ಚಿ ಹಾಕಬಹುದಾದ ಪ್ಲಾಸ್ಟಿಕ್ ಭಾಗಗಳನ್ನು ಬದಲಿಸುತ್ತಾರೆ. ಮೂಳೆಯಲ್ಲಿ ಕೂತ ಲೋಹದ ಭಾಗ ಗಟ್ಟಿಯಾಗಿರಬೇಕು, ಆಗ ಮಾತ್ರ ಇದು ಸಾಧ್ಯ. ಇಲ್ಲಿ ದಿನಗಳ ಲೆಕ್ಕ ತುಂಬಾ ಮುಖ್ಯ. "ಇನ್ನೆರಡು ವಾರ ನೋಡೋಣ" ಅಂತ ಮನೆಯಲ್ಲಿ ಕೂತರೆ ಈ ಬಾಗಿಲು ಮುಚ್ಚಿಹೋಗುತ್ತದೆ.

ಹಳೆಯ ಸೋಂಕಿಗೆ ಇಂಪ್ಲಾಂಟ್ ಪೂರ್ತಿ ತೆಗೆಯಬೇಕು. ತೆಗೆದ ಮೇಲೆ ಹೊಸದನ್ನು ಅದೇ ದಿನ ಹಾಕಬಹುದು, ಅಥವಾ ನಡುವೆ ಬಿಡುವು ಕೊಟ್ಟು ಹಾಕಬಹುದು.

ಅದೇ ದಿನ ಹಾಕುವುದಕ್ಕೆ ಒಂದೇ ಹಂತದ ಬದಲಾವಣೆ ಅನ್ನುತ್ತಾರೆ. ಒಂದೇ ಆಪರೇಷನ್, ಒಂದೇ ಅರಿವಳಿಕೆ, ಕೈ ಬೇಗ ಬಳಕೆಗೆ ಬರುತ್ತದೆ. ರೋಗಾಣು ಮೊದಲೇ ಗೊತ್ತಿದ್ದು, ಅದು ಔಷಧಿಗೆ ಬಗ್ಗುವಂಥದ್ದಾಗಿದ್ದು, ಮೂಳೆ ಮಾಂಸ ಚೆನ್ನಾಗಿದ್ದರೆ ಇದನ್ನು ಆರಿಸುತ್ತಾರೆ. ಕುಟಿಬ್ಯಾಕ್ಟೀರಿಯಂ ಸೋಂಕಿಗೆ ಹಲವು ಸರ್ಜನ್‌ಗಳು ಈ ದಾರಿಯನ್ನೇ ಹಿಡಿಯುತ್ತಾರೆ.

ಬಿಡುವು ಕೊಟ್ಟು ಹಾಕುವುದು ಎರಡು ಹಂತದ್ದು. ಮೊದಲ ಆಪರೇಷನ್‌ನಲ್ಲಿ ಎಲ್ಲವನ್ನೂ ತೆಗೆದು, ಆ ಜಾಗದಲ್ಲಿ ಆ್ಯಂಟಿಬಯಾಟಿಕ್ ಬೆರೆಸಿದ ಮೂಳೆ ಸಿಮೆಂಟಿನ ತಾತ್ಕಾಲಿಕ ತುಂಡು ಕೂರಿಸುತ್ತಾರೆ, ಅದಕ್ಕೆ ಸ್ಪೇಸರ್ ಅನ್ನುತ್ತಾರೆ. ಜೆಂಟಾಮೈಸಿನ್, ವ್ಯಾಂಕೋಮೈಸಿನ್ ಥರದ ಔಷಧಿ ಅದರಿಂದ ಸುತ್ತಲಿನ ಜಾಗಕ್ಕೆ ನಿಧಾನವಾಗಿ ಇಳಿಯುತ್ತದೆ. ಜೊತೆಗೆ ಜಾಗ ಕುಗ್ಗದಂತೆ ಕಾಯುತ್ತದೆ. ಕೆಲವು ವಾರ ಆ್ಯಂಟಿಬಯಾಟಿಕ್ ಕೊಟ್ಟು, ಸೋಂಕು ಹತೋಟಿಗೆ ಬಂದಿದೆ ಅನ್ನಿಸಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳ ಅಂತರದಲ್ಲಿ ಹೊಸ ಕೀಲು ಹಾಕುತ್ತಾರೆ. ಹೊಸದು ಹೆಚ್ಚಾಗಿ ರಿವರ್ಸ್ ಮಾದರಿಯದು (ಗುಂಡು ಮತ್ತು ಬಟ್ಟಲಿನ ಜಾಗ ಅದಲುಬದಲು ಮಾಡಿದ ಕೀಲು), ಯಾಕೆಂದರೆ ಇಷ್ಟೆಲ್ಲ ಆದ ಭುಜದಲ್ಲಿ ಒಳಗಿನ ಸ್ನಾಯುಗಳು ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇರುವುದು ಅಪರೂಪ.

ಎರಡರಲ್ಲಿ ಯಾವುದು ಮೇಲು? ಸೋಂಕು ಮರುಕಳಿಸದಂತೆ ತಡೆಯುವುದರಲ್ಲಿ ಎರಡು ಹಂತದ್ದೇ ಗೆದ್ದಿದೆ ಅಂತ ಭುಜದ ಅಧ್ಯಯನಗಳು ತೋರಿಸಿಲ್ಲ. ಆದರೆ ಕಷ್ಟದ ಕೇಸುಗಳನ್ನೇ ಎರಡು ಹಂತಕ್ಕೆ ಕಳಿಸುವುದರಿಂದ ಹೋಲಿಕೆ ನೇರವಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಂತಗಳ ಎಣಿಕೆಗಿಂತ ಕೆಟ್ಟದ್ದನ್ನು ಎಷ್ಟು ಚೊಕ್ಕವಾಗಿ ತೆಗೆದರು ಅನ್ನುವುದೇ ಹೆಚ್ಚು ಮುಖ್ಯ. ಸರ್ಜನ್ ಒಂದು ದಾರಿ ಹೇಳಿದಾಗ "ನನ್ನ ಕೇಸಿನಲ್ಲಿ ಇದೇ ಯಾಕೆ?" ಅಂತ ಕೇಳಿ. ರೋಗಾಣು, ಮೂಳೆ, ನಿಮ್ಮ ಆರೋಗ್ಯ ಮೂರನ್ನೂ ಹಿಡಿದು ಉತ್ತರ ಬರಬೇಕು.

ದೊಡ್ಡ ಆಪರೇಷನ್ ತಡೆಯುವ ಶಕ್ತಿ ಇಲ್ಲದವರಿಗೆ ಇನ್ನೂ ದಾರಿಗಳಿವೆ. ಸ್ಪೇಸರ್ ಅನ್ನೇ ಹಾಗೇ ಉಳಿಸಿಕೊಂಡು ಆರಾಮಾಗಿ ಇರುವವರಿದ್ದಾರೆ. ಇಂಪ್ಲಾಂಟ್ ತೆಗೆದು ಏನೂ ಹಾಕದೆ ಬಿಡುವುದೂ ಉಂಟು. ಅದರಿಂದ ನೋವು ತಗ್ಗುತ್ತದೆ, ಆದರೆ ಕೈ ಮೇಲೆತ್ತುವ ಆಸೆ ಬಿಡಬೇಕಾಗುತ್ತದೆ. ಇಲ್ಲವಾದರೆ ಸೋಂಕನ್ನು ಅದುಮಿಡಲು ದೀರ್ಘಕಾಲ ಆ್ಯಂಟಿಬಯಾಟಿಕ್ ನುಂಗುತ್ತಾ ಇರಬೇಕು. ಇದು ವಾಸಿ ಮಾಡುವ ಚಿಕಿತ್ಸೆಯಲ್ಲ. ಆದರೂ ವಯಸ್ಸಾದ, ಹೃದಯ ದುರ್ಬಲ ಇರುವ ಒಬ್ಬರಿಗೆ ಅದೇ ಸರಿಯಾದ ಆಯ್ಕೆ ಆಗಿರಬಹುದು.

ಭುಜದ ಕೀಲು ಬದಲಾವಣೆಯ ಕಥೆ ಶುರುವಾಗಿದ್ದೇ ಸೋಂಕಿನಿಂದ ಅಂದರೆ ಆಶ್ಚರ್ಯವಾಗಬಹುದು. 1893ರಲ್ಲಿ ಪ್ಯಾರಿಸ್‌ನಲ್ಲಿ ಜೂಲ್ ಎಮಿಲ್ ಪಿಯಾನ್ ಅನ್ನುವ ಸರ್ಜನ್, ಕ್ಷಯ ತಗುಲಿ ಹಾಳಾದ ಭುಜಕ್ಕೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಕೂರಿಸಿದರು. ಸುಮಾರು ಎರಡು ವರ್ಷದ ಮೇಲೆ ಅದನ್ನು ತೆಗೆಯಬೇಕಾಯಿತು, ಸೋಂಕು ಬಿಟ್ಟಿರಲೇ ಇಲ್ಲ. ಆಗ ಆ್ಯಂಟಿಬಯಾಟಿಕ್ ಅನ್ನುವುದೇ ಇರಲಿಲ್ಲ.

ಐದನೇ ಹೆಜ್ಜೆ: ಆಪರೇಷನ್ ದಿನ ಸ್ಯಾಂಪಲ್ ತೆಗೆಯುವುದು

ಇದು ನೀವು ಮಲಗಿರುವಾಗ ನಡೆಯುವ ಕೆಲಸ. ಆದರೂ ತಿಳಿದಿರಿ. ಕೀಲಿನ ಸುತ್ತ ಬೇರೆ ಬೇರೆ ಜಾಗದಿಂದ ಕನಿಷ್ಠ ಐದು ಚೂರು ತೆಗೆಯಬೇಕು. ಪೊರೆಯಿಂದ ಒಂದು, ಮೂಳೆಯ ಕೊಳವೆಯೊಳಗಿಂದ ಒಂದು, ಇಂಪ್ಲಾಂಟ್‌ಗೆ ಅಂಟಿದ ಜಾಗದಿಂದ ಒಂದು, ಹೀಗೆ. ಪ್ರತಿ ಚೂರಿಗೂ ಹೊಸ ಚಿಮಟ, ಹೊಸ ಬ್ಲೇಡ್, ಬೇರೆ ಡಬ್ಬಿ, ಬೇರೆ ಚೀಟಿ. ಒಂದೇ ಸಲಕರಣೆಯಿಂದ ಎಲ್ಲವನ್ನೂ ತೆಗೆದರೆ ಚರ್ಮದ ರೋಗಾಣು ಒಂದರಿಂದ ಇನ್ನೊಂದಕ್ಕೆ ಅಂಟಿ ವರದಿ ಕೆಡುತ್ತದೆ. ಐದರಲ್ಲಿ ಒಂದರಲ್ಲಿ ಮಾತ್ರ ಕುಟಿಬ್ಯಾಕ್ಟೀರಿಯಂ ಬೆಳೆದರೆ ಅದು ಚರ್ಮದಿಂದ ಬಂದು ಸೇರಿದ್ದಿರಬಹುದು. ಮೂರು ನಾಲ್ಕರಲ್ಲಿ ಬೆಳೆದರೆ ನಿಜವಾದ ಸೋಂಕು ಅನ್ನಲು ಬಲ ಬರುತ್ತದೆ.

ಒಂದು ಸಂಗತಿಗೆ ಮೊದಲೇ ಸಿದ್ಧರಾಗಿರಿ. ಸೋಂಕಿಲ್ಲ ಅಂದುಕೊಂಡು, ಬರೀ ಸಡಿಲವಾಗಿದೆ ಅಂತ ಕೀಲು ಬದಲಿಸಿದವರಲ್ಲೂ ಎರಡು ವಾರದ ಮೇಲೆ ಕಲ್ಚರ್ ಪಾಸಿಟಿವ್ ಬರುವುದು ಅಪರೂಪವಲ್ಲ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಫೋನ್ ಬರುತ್ತದೆ. ಗಾಬರಿಯಾಗಬೇಡಿ. ಎಷ್ಟು ಸ್ಯಾಂಪಲ್‌ನಲ್ಲಿ ಬೆಳೆಯಿತು, ಯಾವ ರೋಗಾಣು ಅಂತ ಕೇಳಿ. ಅದರ ಮೇಲೆ ಆ್ಯಂಟಿಬಯಾಟಿಕ್ ಬೇಕೋ, ಬರೀ ಗಮನಿಸಿದರೆ ಸಾಕೋ ಅಂತ ನಿರ್ಧಾರವಾಗುತ್ತದೆ.

ಆರನೇ ಹೆಜ್ಜೆ: ಆ್ಯಂಟಿಬಯಾಟಿಕ್‌ನ ವಾರಗಳು

ಸಾಮಾನ್ಯವಾಗಿ ಕನಿಷ್ಠ ಆರು ವಾರ. ಇಂಪ್ಲಾಂಟ್ ಉಳಿಸಿಕೊಂಡಿದ್ದರೆ ಅಥವಾ ಒಂದೇ ಹಂತದಲ್ಲಿ ಬದಲಿಸಿದ್ದರೆ ಮೂರು ತಿಂಗಳ ತನಕವೂ ಹೋಗಬಹುದು. ಫ್ರಾನ್ಸ್‌ನಲ್ಲಿ ಆರು ವಾರವನ್ನು ಹನ್ನೆರಡು ವಾರದ ಜೊತೆ ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಆರೇ ವಾರ ಕೊಟ್ಟವರಲ್ಲಿ ಸೋಂಕು ಉಳಿದದ್ದು ಜಾಸ್ತಿ. ಅದರಲ್ಲಿ ಇದ್ದವರು ಬಹುತೇಕ ಸೊಂಟ, ಮಂಡಿಯವರು. ಆದರೂ "ಇಷ್ಟೊಂದು ದಿನ ಯಾಕೆ" ಅನ್ನುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಎಲ್ಲವೂ ಡ್ರಿಪ್‌ನಲ್ಲೇ ಹೋಗಬೇಕು ಅಂತೇನಿಲ್ಲ. ಮೂಳೆ ಕೀಲಿನ ಸೋಂಕಿಗೆ ಮೊದಲ ಆರು ವಾರ, ಸರಿಯಾಗಿ ಆರಿಸಿದ ಮಾತ್ರೆ ಕೊಟ್ಟರೂ ಡ್ರಿಪ್‌ನಷ್ಟೇ ಫಲ ಸಿಗುತ್ತದೆ ಅಂತ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ 2019ರಲ್ಲಿ ತೋರಿಸಿತು. ನಿಮ್ಮ ರೋಗಾಣುವಿಗೆ ಹೊಂದುವ ಮಾತ್ರೆ ಇದ್ದರೆ ಆ ಬಗ್ಗೆ ಮಾತಾಡಿ.

ಡ್ರಿಪ್ಪೇ ಬೇಕಾದರೆ ಇನ್ನೊಂದು ತೋಳಿನಲ್ಲಿ ಪಿಕ್ ಲೈನ್ ಅನ್ನುವ ಉದ್ದನೆಯ ತೆಳು ನಳಿಕೆ ಹಾಕುತ್ತಾರೆ. ಸ್ನಾನಕ್ಕೆ ಮುಂಚೆ ಅದಕ್ಕೆ ಪ್ಲಾಸ್ಟಿಕ್ ಸುತ್ತಿ. ಮುಟ್ಟುವ ಮುಂಚೆ ಪ್ರತಿಸಲ ಕೈ ತೊಳೆಯಿರಿ. ಔಷಧಿ ಹಾಕುವ ಮುಂಚೆ ನಳಿಕೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ ಒಣಗಲು ಬಿಡಬೇಕು. ಅವಸರದಲ್ಲಿ ತಪ್ಪಿಹೋಗುವುದು ಈ ಒಣಗಿಸುವ ಕೆಲಸವೇ. ಔಷಧಿ ಹಾಕಿದ ಕೂಡಲೇ ಚಳಿ ನಡುಕ ಬಂದರೆ ನಳಿಕೆಯಲ್ಲೇ ಸೋಂಕಿರಬಹುದು. ಆ ತೋಳು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡಕ್ಕೂ ಅವತ್ತೇ ಆಸ್ಪತ್ರೆ.

ಔಷಧಿಗಳ ಬಗ್ಗೆ ಕೆಲವು ಮಾತು. ಸ್ಟೆಫೈಲೋಕಾಕಸ್ ಇದ್ದು, ಇಂಪ್ಲಾಂಟ್ ಒಳಗೇ ಇದ್ದರೆ ರಿಫಾಂಪಿಸಿನ್ ಸೇರಿಸುತ್ತಾರೆ. ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಹೆದರಬೇಡಿ. ಇದನ್ನು ಒಂಟಿಯಾಗಿ ತೆಗೆದುಕೊಳ್ಳಲೇಬಾರದು, ಕೆಲವೇ ದಿನದಲ್ಲಿ ರೋಗಾಣು ಇದಕ್ಕೆ ಒಗ್ಗಿಕೊಳ್ಳುತ್ತದೆ. ಜೊತೆಗಿನ ಔಷಧಿ ಮುಗಿದರೆ ಇದೊಂದನ್ನೇ ಮುಂದುವರಿಸದೆ ಡಾಕ್ಟರಿಗೆ ಹೇಳಿ. ರಕ್ತ ತೆಳು ಮಾಡುವ ಮಾತ್ರೆ, ಗರ್ಭನಿರೋಧಕ ಮಾತ್ರೆ, ಕೆಲವು ಸಕ್ಕರೆ ಕಾಯಿಲೆ ಮತ್ತು ಹೃದಯದ ಔಷಧಿಗಳ ಬಲವನ್ನು ಇದು ಕುಗ್ಗಿಸುತ್ತದೆ. ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಮೊದಲೇ ಕೊಡಿ.

ಡಾಕ್ಸಿಸೈಕ್ಲಿನ್ ಆದರೆ ಒಂದು ಲೋಟ ತುಂಬ ನೀರಿನ ಜೊತೆ ನುಂಗಿ, ಕೂಡಲೇ ಮಲಗಬೇಡಿ. ಹಾಲು, ಕಬ್ಬಿಣ, ಕ್ಯಾಲ್ಸಿಯಂ, ಆಸಿಡಿಟಿ ಮಾತ್ರೆಗಳ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಲೆವೊಫ್ಲಾಕ್ಸಾಸಿನ್ ಥರದ್ದಾದರೆ ಹಿಮ್ಮಡಿಯ ಮೇಲಿನ ನರದಂಥ ಹುರಿಯಲ್ಲಿ ನೋವು ಬಂದ ಕೂಡಲೇ ತಿಳಿಸಿ. ವ್ಯಾಂಕೋಮೈಸಿನ್ ವೇಗವಾಗಿ ಬಿಟ್ಟರೆ ಮುಖ ಕುತ್ತಿಗೆ ಕೆಂಪಾಗಿ ತುರಿಸುತ್ತದೆ, ಆಗ ನರ್ಸ್ ಅದನ್ನು ನಿಧಾನ ಮಾಡುತ್ತಾರೆ. ಯಾವುದೇ ಆ್ಯಂಟಿಬಯಾಟಿಕ್ ಇರಲಿ, ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಿನಂತೆ ಭೇದಿಯಾದರೆ ಭೇದಿ ನಿಲ್ಲಿಸುವ ಮಾತ್ರೆ ನೀವಾಗಿ ನುಂಗಬೇಡಿ. ಆ್ಯಂಟಿಬಯಾಟಿಕ್‌ನಿಂದಲೇ ಬರುವ ಕರುಳಿನ ಸೋಂಕು ಇರಬಹುದು, ಪರೀಕ್ಷೆಯಾಗಬೇಕು.

ಡ್ರಿಪ್ ನಡೆಯುವಾಗ ವಾರಕ್ಕೊಮ್ಮೆ ಕಿಡ್ನಿ, ಲಿವರ್, ರಕ್ತಕಣಗಳ ಪರೀಕ್ಷೆ ಆಗಬೇಕು. ಮಾತ್ರೆಗೆ ಬದಲಾದ ಮೇಲೂ ಡಾಕ್ಟರ್ ಹೇಳಿದಷ್ಟು ದಿನಕ್ಕೊಮ್ಮೆ ಮಾಡಿಸಿ. ಚೆನ್ನಾಗಿದ್ದೀನಿ ಅಂತ ಇದನ್ನು ಬಿಡುವವರು ತುಂಬಾ ಜನ. ಕಿಡ್ನಿಗೆ ಪೆಟ್ಟು ಬೀಳುವುದು ಮೊದಮೊದಲು ನಮಗೆ ಗೊತ್ತೇ ಆಗುವುದಿಲ್ಲ.

ಏಳನೇ ಹೆಜ್ಜೆ: ಸ್ಪೇಸರ್ ಇಟ್ಟುಕೊಂಡು ದಿನ ಕಳೆಯುವುದು

ಈ ತಿಂಗಳುಗಳು ಉದ್ದ. ಒಂದು ಕೈ ಪಟ್ಟಿಯಲ್ಲಿ ನೇತಾಡುತ್ತಿರುತ್ತದೆ, ಮನಸ್ಸು ಕುಗ್ಗುತ್ತದೆ. ಚಿಕ್ಕ ಚಿಕ್ಕ ಕೆಲಸ ಸಲೀಸಾದರೆ ಅರ್ಧ ಭಾರ ಇಳಿಯುತ್ತದೆ.

ಮುಂದೆ ಗುಂಡಿ ಇರುವ ಅಂಗಿ ಹಾಕಿ. ತೊಡುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿ ಮಲಗಿ. ಮೊಣಕೈ ಹಿಂದಕ್ಕೆ ಜಾರದಂತೆ ಅದರ ಕೆಳಗೊಂದು ಚಿಕ್ಕ ದಿಂಬಿಡಿ. ಕಂಕುಳು ಒದ್ದೆ ಇದ್ದರೆ ಚರ್ಮ ಬಿರಿಯುತ್ತದೆ. ಮುಂದಕ್ಕೆ ಬಗ್ಗಿ, ಕೈಯನ್ನು ತಾನಾಗಿ ಜೋತುಬೀಳಲು ಬಿಟ್ಟು, ಆ ಸಂದಿನಲ್ಲಿ ಬಟ್ಟೆ ತೂರಿಸಿ ಒರೆಸಿ ಒಣಗಿಸಿ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ದಿನಕ್ಕೆ ಹಲವು ಸಲ ಮಡಚಿ ಬಿಚ್ಚಿ. ಭುಜದ ವ್ಯಾಯಾಮ ಮಾತ್ರ ಸರ್ಜನ್ ಒಪ್ಪಿದಷ್ಟೇ. ಸ್ಪೇಸರ್ ಮುರಿಯಬಹುದು, ಜಾರಬಹುದು. ಆ ಕೈಯಿಂದ ಭಾರ ಎತ್ತುವುದು, ಕುರ್ಚಿಯಿಂದ ಏಳಲು ಅದನ್ನು ಊರುವುದು ಬೇಡ.

ಇದೇ ಸಮಯದಲ್ಲಿ ಮೈಯನ್ನು ಮುಂದಿನ ಆಪರೇಷನ್‌ಗೆ ಸಿದ್ಧ ಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಬೀಡಿ, ಸಿಗರೇಟು ಪೂರ್ತಿ ಬಿಡಿ. ಗಾಯ ಮಾಗಲು ರಕ್ತ ಹರಿಯಬೇಕು, ಹೊಗೆ ಅದನ್ನೇ ಕಟ್ಟಿಹಾಕುತ್ತದೆ. ಪ್ರೋಟೀನ್ ಇರುವ ಊಟ ಜಾಸ್ತಿ ಮಾಡಿ. ಆ್ಯಂಟಿಬಯಾಟಿಕ್ ಹಸಿವು ಕೊಲ್ಲುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಿ. ಸಂಧಿವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಎರಡೂ ಕಡೆಯ ಡಾಕ್ಟರುಗಳು ಮಾತಾಡಿಕೊಳ್ಳುವಂತೆ ನೋಡಿಕೊಳ್ಳಿ.

ಎಂಟನೇ ಹೆಜ್ಜೆ: ಹೊಸ ಕೀಲು, ಮತ್ತು ಆಮೇಲೆ

ಆಪರೇಷನ್‌ಗೆ ಎರಡು ಮೂರು ದಿನ ಮುಂಚಿನಿಂದ ಭುಜಕ್ಕೆ, ಕಂಕುಳಿಗೆ ಶೇಕಡಾ 5ರ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಲು ಹಲವು ಸರ್ಜನ್‌ಗಳು ಹೇಳುತ್ತಾರೆ. ಮೊಡವೆಗೆ ಹಚ್ಚುವ ಔಷಧಿಯೇ. ಅದು ಚರ್ಮದ ಮೇಲಿನ ಕುಟಿಬ್ಯಾಕ್ಟೀರಿಯಂ ಅನ್ನು ಕಡಿಮೆ ಮಾಡುತ್ತದೆ. ಬಟ್ಟೆ, ಟವೆಲ್‌ನ ಬಣ್ಣ ಹೋಗುತ್ತದೆ, ಹಳೆಯದನ್ನು ಬಳಸಿ. ಭುಜದ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಬೇಡಿ, ಕಣ್ಣಿಗೆ ಕಾಣದ ಗೀರುಗಳೇ ರೋಗಾಣುವಿಗೆ ದಾರಿಯಾಗುತ್ತವೆ.

ರಿವರ್ಸ್ ಕೀಲು ಹಾಕಿದ್ದರೆ ಮೊದಲ ಮೂರು ತಿಂಗಳು ಕೈಯನ್ನು ಬೆನ್ನ ಹಿಂದೆ ತಿರುಗಿಸಬೇಡಿ. ಹಿಂದಿನ ಜೇಬಿಗೆ ಕೈ ಹಾಕುವುದು, ಅಂಗಿಯನ್ನು ಹಿಂದಿನಿಂದ ಸಿಕ್ಕಿಸುವುದು, ಕುರ್ಚಿಯ ಕೈ ಒತ್ತಿ ಏಳುವುದು, ಈ ಸಾದಾ ಕೆಲಸಗಳಲ್ಲೇ ಕೀಲು ತಪ್ಪುವುದು. ಚಲನೆ ನಿಧಾನವಾಗಿ ಬರುತ್ತದೆ. ಮೊದಲ ಸಲ ಸಿಕ್ಕಷ್ಟು ಈ ಸಲ ಸಿಗದೇ ಇರಬಹುದು. ಊಟ ಮಾಡುವುದು, ಮುಖ ತೊಳೆಯುವುದು, ತಲೆ ಬಾಚುವುದು ನೋವಿಲ್ಲದೆ ಆದರೆ ಈ ಚಿಕಿತ್ಸೆ ಗೆದ್ದಂತೆಯೇ.

ಆ್ಯಂಟಿಬಯಾಟಿಕ್ ನಿಲ್ಲಿಸಿದ ಮೇಲಿನ ತಿಂಗಳುಗಳನ್ನು ಹುಷಾರಾಗಿ ನೋಡಿ. ಔಷಧಿ ಇದ್ದಾಗ ಸುಮ್ಮನಿದ್ದ ಸೋಂಕು ತಲೆ ಎತ್ತುವುದು ಆಗಲೇ. ಹೇಳಿದ ತಾರೀಖಿಗೆ ತಪ್ಪದೆ ತೋರಿಸಿಕೊಳ್ಳಿ, ವರ್ಷ ಕಳೆದ ಮೇಲೂ ಆಗಾಗ ಎಕ್ಸ್‌ರೇ ಮಾಡಿಸಿ. ಹಲ್ಲು, ಒಸಡು ಚೆನ್ನಾಗಿ ನೋಡಿಕೊಳ್ಳಿ. ಹಲ್ಲಿನ ಮಾಮೂಲಿ ಕೆಲಸಕ್ಕೆ ಮುಂಚೆ ಎಲ್ಲರೂ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಿಲ್ಲ. ಆದರೆ ಹಿಂದೆ ಕೀಲಿನ ಸೋಂಕು ಆಗಿತ್ತು ಅಂತ ಹಲ್ಲಿನ ಡಾಕ್ಟರಿಗೆ ಹೇಳಿ, ಸರ್ಜನ್‌ರನ್ನೂ ಒಮ್ಮೆ ಕೇಳಿ. ಚರ್ಮದ ಹುಣ್ಣು, ಕಾಲಿನ ಬಿರುಕು, ಮೂತ್ರದ ಸೋಂಕು ಇವನ್ನು ಬೇಗ ತೋರಿಸಿ.

ಕೊನೆಗೆ ಒಂದು ಚೀಟಿ ಬರೆದು ಪರ್ಸ್‌ನಲ್ಲಿಡಿ, ಮನೆಯವರ ಫೋನಿನಲ್ಲೂ ಅದರ ಫೋಟೊ ಇರಲಿ. ಯಾವ ಭುಜ, ಯಾವ ಮಾದರಿಯ ಕೀಲು, ಹಾಕಿದ ತಾರೀಖು. ಬೆಳೆದ ರೋಗಾಣುವಿನ ಪೂರ್ತಿ ಹೆಸರು, ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ. ನಿಮಗೆ ಆಗದ ಔಷಧಿಗಳು. ಸರ್ಜನ್ ನಂಬರ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: "ಈ ಭುಜದಲ್ಲಿ ನೋವು, ಊತ, ಸೋರುವಿಕೆ ಬಂದರೆ ಮೊದಲು ಸ್ಯಾಂಪಲ್, ಆಮೇಲೆ ಆ್ಯಂಟಿಬಯಾಟಿಕ್. ಜೀವಕ್ಕೆ ಅಪಾಯ ಇದ್ದರೆ ಕಾಯಬೇಡಿ."